ಬಸವನಗುಡಿ ಸುತ್ತಿನ ವೆಜ್ ಹೋಟೆಲ್ ನಕ್ಷೆ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಗಾಂಧಿ ಬಜಾರ್ ಸರ್ಕಲ್ಲಿನಲ್ಲಿ ನಿಂತು ಫೋನಿನಲ್ಲಿ ‘ಪ್ಯೂರ್ ವೆಜ್’ ಅಂತ ಹುಡುಕಿದರೆ ಹತ್ತಿಪ್ಪತ್ತು ಹೆಸರು ಬರುತ್ತವೆ, ಎಲ್ಲಕ್ಕೂ ನಾಲ್ಕು ಚಿಲ್ಲರೆ ಸ್ಟಾರು. ಅಲ್ಲೇ ಹೂ ಮಾರುವವರನ್ನು ಕೇಳಿದರೆ ಬರುವ ಉತ್ತರ ಬೇರೆ: ‘ಈಗ ಹನ್ನೊಂದಾಯ್ತಲ್ಲ, ಖಾರಾಬಾತ್ ಮುಗಿದಿರುತ್ತೆ. ಆ ಕಡೆ ಹೋಗಿ, ದೋಸೆ ಸಿಗುತ್ತೆ.’ ಫೋನು ಹೋಟೆಲಿನ ಹೆಸರು ಹೇಳಿತು. ಹೂವಿನವರು ತಿಂಡಿ ಮತ್ತು ಹೊತ್ತು ಹೇಳಿದರು. ಕಟ್ಟಬೇಕಾದ ನಕ್ಷೆ ಎರಡನೆಯದು.

ಇದು ಅಂಥದೊಂದು ನಕ್ಷೆ ಕಟ್ಟುವ ಲಾಗ್. ಜಾಗ ಬಸವನಗುಡಿಯ ಸುತ್ತಮುತ್ತ. ಕ್ರಮ ಮಾತ್ರ ಮೈಸೂರಿನ ಅಗ್ರಹಾರಕ್ಕೂ ಹುಬ್ಬಳ್ಳಿಯ ಖಾನಾವಳಿ ಸಾಲಿಗೂ ಹೊಂದುತ್ತದೆ, ತಿಂಡಿಯ ಹೆಸರು ಬದಲಿಸಿಕೊಂಡರೆ ಸಾಕು.

ಬೇಕಾದ ಸಾಮಾನು

ಜಿಪಿಎಸ್ ಇರುವ ಫೋನು ಒಂದು. ಮೂರು ಹಾಳೆಯ ಒಂದು ಸ್ಪ್ರೆಡ್‌ಶೀಟ್, ಲಿಬ್ರೆ ಆಫೀಸ್ ಆದರೂ ಸರಿ, ಗೂಗಲ್ ಶೀಟ್ಸ್ ಆದರೂ ಸರಿ. ಜೇಬಿನಲ್ಲಿ ಹಿಡಿಸುವ ಪುಸ್ತಕ, ಪೆನ್ಸಿಲ್ (ಸಾಂಬಾರ್ ಬಿದ್ದರೆ ಪೆನ್ನಿನ ಶಾಯಿ ಹರಡುತ್ತದೆ). ಬಿಲ್ಲು ಹಾಕಿಡಲು ಒಂದು ಲಕೋಟೆ. ಥರ್ಮಲ್ ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ, ಬಿಸಿಲಿಗೆ ಬಿದ್ದರೆ, ಇನ್ನೂ ಬೇಗ. ಅದೇ ದಿನ ಫೋಟೋ ತೆಗೆದಿಡಬೇಕು. ಜೊತೆಗೆ ಒಬ್ಬರು. ಒಬ್ಬರೇ ಹೋದರೆ ಮೂರನೇ ಹೋಟೆಲಿಗೆ ಹೊಟ್ಟೆ ತುಂಬಿರುತ್ತದೆ, ಆಮೇಲೆ ಹಾಕಿದ ಅಂಕಕ್ಕೆ ಬೆಲೆ ಇಲ್ಲ.

ಗಡಿ ಹಾಕುವುದು

ನಡುಬಿಂದು ಗಾಂಧಿ ಬಜಾರ್ ಸರ್ಕಲ್, ತ್ರಿಜ್ಯ 2 ಕಿ.ಮೀ. ಇದರೊಳಗೆ ಶಂಕರಪುರ, ವಿ.ವಿ. ಪುರದ ಸಜ್ಜನ್ ರಾವ್ ಸರ್ಕಲ್, ಎನ್.ಆರ್. ಕಾಲೋನಿ, ತ್ಯಾಗರಾಜನಗರ, ಹನುಮಂತನಗರ, ಗವಿಪುರ ಬರುತ್ತವೆ; ಲಾಲ್‌ಬಾಗ್ ರಸ್ತೆಯ ಎಂಟಿಆರ್ ಅಂಚಿಗೆ ಬಂದು ಕೂರುತ್ತದೆ. 4 ಕಿ.ಮೀ. ಉದ್ದಗಲದ ಚೌಕವನ್ನು 500 ಮೀಟರಿನ ಮನೆಗಳಾಗಿ ಹೊಡೆದರೆ 64 ಮನೆ. ವೃತ್ತದ ಹೊರಗಿನ ಮೂಲೆಗಳನ್ನು ಬಿಟ್ಟರೆ 50ರ ಸುತ್ತ ಉಳಿಯುತ್ತವೆ. ಅದರಲ್ಲೂ ಲಾಲ್‌ಬಾಗಿನ 240 ಎಕರೆ ಅಂದರೆ ಸುಮಾರು ನಾಲ್ಕು ಮನೆ ಪೂರಾ ಮರಗಳು. ನಡೆಯಬೇಕಾದದ್ದು 46 ಮನೆ ಅಂತಿಟ್ಟುಕೊಳ್ಳಿ. ಒಂದು ಮನೆಯ ಎಲ್ಲ ರಸ್ತೆಯ ಎರಡೂ ಬದಿ ನೋಡಲು 40ರಿಂದ 60 ನಿಮಿಷ. ಭಾನುವಾರಕ್ಕೆ ನಾಲ್ಕು ಮನೆಯಂತೆ ಹನ್ನೆರಡು ಭಾನುವಾರದ ಕೆಲಸ.

ಇಲ್ಲಿ ಮೊದಲು ಆಗುವ ತಪ್ಪು ದೂರದ ಲೆಕ್ಕದ್ದು. ನಕ್ಷೆಯ ಮೇಲೆ ಕೈವಾರದಲ್ಲಿ ಎಳೆದ 2 ಕಿ.ಮೀ. ಕಾಲಿಗೆ 2 ಕಿ.ಮೀ. ಅಲ್ಲ. ಲಾಲ್‌ಬಾಗಿನ ಆಚೆಗಿನ ಹೋಟೆಲಿಗೆ ಹೋಗಬೇಕಾದರೆ ಕಾಂಪೌಂಡು ಬಳಸಬೇಕು, ಇಲ್ಲವೇ ಪಶ್ಚಿಮದ ಗೇಟಿನಲ್ಲಿ ಒಳಗೆ ಹೋಗಿ ಆಚೆ ಗೇಟಿನಲ್ಲಿ ಹೊರಬೀಳಬೇಕು. ಆದ್ದರಿಂದ ಜಾಗದ ಹಾಳೆಯಲ್ಲಿ ‘ನಡಿಗೆ ನಿಮಿಷ’ ಅಂತ ಬೇರೆ ಕಾಲಂ ಇರಲಿ. ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಈ ಮೂರು ಹಸಿರು ಮಾರ್ಗದ ಮೆಟ್ರೊ ನಿಲ್ದಾಣಗಳಲ್ಲಿ ಯಾವುದು ಹತ್ತಿರ ಅಂತ ಇನ್ನೊಂದು. ಹೊರಗಿನಿಂದ ಬರುವ ನೆಂಟರು ಕೇಳುವುದು ಅದನ್ನೇ.

ಕಚ್ಚಾ ಪಟ್ಟಿ

ಕಾಲಿಗೆ ಕೆಲಸ ಕೊಡುವ ಮೊದಲು ಕೂತು ಪಟ್ಟಿ ಮಾಡಬೇಕು. ಎರಡು ಮೂಲ.

ಒಂದು, ಓಪನ್ ಸ್ಟ್ರೀಟ್ ಮ್ಯಾಪ್, ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ನಕ್ಷೆ. ಓವರ್‌ಪಾಸ್ ಟರ್ಬೊ ಎಂಬ ತಾಣದಲ್ಲಿ ಪ್ರದೇಶ ಆರಿಸಿ ಕೇಳಿದರೆ ಹೋಟೆಲುಗಳ ಪಟ್ಟಿ ನಿರ್ದೇಶಾಂಕಗಳ ಸಮೇತ ಇಳಿಯುತ್ತದೆ. ‘ರೆಸ್ಟೋರೆಂಟ್’ ಟ್ಯಾಗ್ (ಜಾಗ ಯಾವ ತರದ್ದು ಅಂತ ಹೇಳುವ ಚೀಟಿ) ಒಂದನ್ನೇ ಕೇಳಿದರೆ ಅರ್ಧ ಬೆಂಗಳೂರು ಮಾಯ. ದರ್ಶಿನಿಯನ್ನು ಒಬ್ಬರು ‘ರೆಸ್ಟೋರೆಂಟ್’ ಅಂತ ಗುರುತಿಸಿರುತ್ತಾರೆ, ಇನ್ನೊಬ್ಬರು ‘ಫಾಸ್ಟ್ ಫುಡ್’ ಅಂತ, ಮತ್ತೊಬ್ಬರು ‘ಕೆಫೆ’ ಅಂತ. ನಿಂತು ತಿನ್ನುವ, ಕೌಂಟರಿನಲ್ಲಿ ಟೋಕನ್ ಕೊಡುವ ಈ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಊರಿಗೆಲ್ಲ ಹಬ್ಬಿದ್ದು. ಹೊರದೇಶದವರು ಮಾಡಿದ ಟ್ಯಾಗುಗಳಲ್ಲಿ ಅದಕ್ಕೊಂದು ಖಾನೆ ಎಲ್ಲಿಂದ ಬರಬೇಕು? ಮೂರನ್ನೂ ಕೇಳಿ. ಆಹಾರ ಪದ್ಧತಿಯ ಟ್ಯಾಗಿನಲ್ಲಿ ಸಸ್ಯಾಹಾರಕ್ಕೆ ‘ಯೆಸ್’ ಮತ್ತು ‘ಓನ್ಲಿ’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದರ ಅರ್ಥ ‘ಸಸ್ಯಾಹಾರವೂ ಸಿಗುತ್ತದೆ’ ಅಂತ, ಎರಡನೆಯದರ ಅರ್ಥ ‘ಅದು ಮಾತ್ರ’ ಅಂತ. ‘ಯೆಸ್’ ನೋಡಿ ಪಟ್ಟಿಗೆ ಸೇರಿಸಿದರೆ ಬಿರಿಯಾನಿ ಅಂಗಡಿಗಳೂ ಒಳಗೆ ಬರುತ್ತವೆ. ಟ್ಯಾಗೇ ಇಲ್ಲದವನ್ನು ತೆಗೆದುಹಾಕಬೇಡಿ, ಹೋಗಿ ನೋಡಬೇಕಾದ ಪಟ್ಟಿಗೆ ಹಾಕಿ.

ಎರಡು, ಗೂಗಲ್ ಮ್ಯಾಪ್ಸ್. ಒಂದೇ ಹುಡುಕಾಟಕ್ಕೆ ಎಲ್ಲ ಹೋಟೆಲೂ ಬರುವುದಿಲ್ಲ. ಮೇಲಿನ 500 ಮೀಟರಿನ ಮನೆಯೊಳಗೆ ಹಿಗ್ಗಿಸಿಕೊಂಡು ಮತ್ತೆ ಮತ್ತೆ ಹುಡುಕಬೇಕು. ಹುಡುಕುವ ಮಾತು ‘ವೆಜ್ ರೆಸ್ಟೋರೆಂಟ್’ ಅಲ್ಲ. ದರ್ಶಿನಿ, ಉಪಾಹಾರ, ಸಾಗರ್, ಭವನ, ಕಾಫಿ ಬಾರ್, ಟಿಫನ್ ರೂಮ್, ಉಡುಪಿ, ಮೆಸ್, ಖಾನಾವಳಿ, ತಟ್ಟೆ ಇಡ್ಲಿ, ಹೋಳಿಗೆ ಮನೆ, ಇಷ್ಟನ್ನೂ ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ. ‘ಮಿಲಿಟರಿ ಹೋಟೆಲ್’ ಅಂತ ಬಂದರೆ ಕಣ್ಣುಮುಚ್ಚಿ ಬಿಡಬಹುದು. ‘ಉಡುಪಿ’ ಅಂತ ಬಂದರೆ ಕಣ್ಣುಮುಚ್ಚಿ ಸೇರಿಸಬೇಡಿ. ಉಡುಪಿ ಊರಿನ ಹೆಸರೂ ಹೌದು, ಮೀನೂಟವೂ ಆ ಊರಿನದೇ.

ಈ ಎರಡು ಮೂಲಗಳನ್ನು ಬೆರೆಸುವಾಗ ಒಂದು ಎಚ್ಚರ. ಗೂಗಲ್‌ನಲ್ಲಿ ಓದಿದ ವಿವರವನ್ನು ಓಪನ್ ಸ್ಟ್ರೀಟ್ ಮ್ಯಾಪಿಗೆ ನಕಲು ಮಾಡಲು ಪರವಾನಗಿ ಒಪ್ಪುವುದಿಲ್ಲ. ‘ಮೂಲ’ ಅಂತ ಒಂದು ಕಾಲಂ ಇಡಿ. ಬೋರ್ಡನ್ನು ಕಣ್ಣಾರೆ ನೋಡಿದ ಸಾಲು ಮಾತ್ರ ಅಲ್ಲಿಗೆ ಹೋಗಲಿ.

ಮೊದಲ ಆವೃತ್ತಿ ಏಕೆ ಕೆಟ್ಟಿತು

ಮೊದಲ ಆವೃತ್ತಿ ಒಂದೇ ಹಾಳೆ: ಸಾಲಿಗೊಂದು ಹೋಟೆಲ್, ಮುಂದೆ ಐದಕ್ಕೆ ಇಷ್ಟು ಅಂಕ. ನೋಡಲು ಚೆನ್ನಾಗಿತ್ತು, ಬಳಸಲು ಬರಲಿಲ್ಲ. ಬೆಳಿಗ್ಗೆ 7ಕ್ಕೆ ಮೊದಲ ಒಬ್ಬೆಯ ಇಡ್ಲಿಗೆ 5 ಕೊಡಬಹುದಾದ ಜಾಗ, 10:30ಕ್ಕೆ ಹಬೆಪೆಟ್ಟಿಗೆಯಲ್ಲೇ ಕೂತು ನೀರು ಕುಡಿದ ಇಡ್ಲಿ ಕೊಡುತ್ತದೆ. ಮಧ್ಯಾಹ್ನದ ಊಟ ಅದ್ಭುತವಾಗಿರುವಲ್ಲಿ ಸಂಜೆಯ ಬೋಂಡಾ ಎಣ್ಣೆಮುದ್ದೆ. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಎಲ್ಲರಿಗೂ 3.5. ಅದನ್ನು ತಿಳಿಯಲು ಹನ್ನೆರಡು ಭಾನುವಾರ ಯಾಕೆ?

ಎರಡನೇ ಆವೃತ್ತಿ ಮೂರು ಹಾಳೆ.

‘ಜಾಗ’ ಹಾಳೆ: ಗುರುತು ಸಂಖ್ಯೆ (500 ಮೀಟರಿನ ಮನೆಯ ಸಂಖ್ಯೆ, ಗೀಟು, ಕ್ರಮಸಂಖ್ಯೆ: 23-04 ಎಂಬಂತೆ), ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಅಕ್ಷಾಂಶ, ರೇಖಾಂಶ, ನಡಿಗೆ ನಿಮಿಷ, ಹತ್ತಿರದ ಮೆಟ್ರೊ, ಮೂಲ, ವಾರದ ರಜೆ, ಹೊತ್ತು, ಕೂರುವುದೋ ನಿಲ್ಲುವುದೋ, ಆಹಾರ ಪರವಾನಗಿ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ಸಸ್ಯಾಹಾರದ ಮಟ್ಟ, ಕೊನೆಗೆ ನೋಡಿದ ದಿನಾಂಕ.

‘ತಿಂಡಿ’ ಹಾಳೆ: ಜಾಗದ ಗುರುತು, ತಿಂಡಿ, ಶೈಲಿ, ಎಷ್ಟು ಗಂಟೆಯಿಂದ, ಎಷ್ಟರವರೆಗೆ.

‘ಭೇಟಿ’ ಹಾಳೆ: ಜಾಗದ ಗುರುತು, ತಿಂಡಿ, ದಿನಾಂಕ, ಗಂಟೆ, 0ಯಿಂದ 5ರ ಅಂಕ, ಬೆಲೆ, ಒಂದು ಸಾಲಿನ ಟಿಪ್ಪಣಿ.

ಪ್ರತಿ ತಿಂಡಿಗೆ ಕನಿಷ್ಠ ಎರಡು ಭೇಟಿ, ಬೇರೆ ಬೇರೆ ವಾರದ ದಿನ. ಎರಡರ ನಡುವೆ 2 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯದು. ನಕ್ಷೆಗೆ ಹೋಗುವುದು ಸರಾಸರಿಯಲ್ಲ, ಅತಿ ಕಡಿಮೆ ಬಂದ ಅಂಕ. ಸ್ಪ್ರೆಡ್‌ಶೀಟಿನ ‘ಮಿನ್‌ಇಫ್ಸ್’ ಸೂತ್ರ ಜಾಗ ಮತ್ತು ತಿಂಡಿ ಎರಡನ್ನೂ ಹೊಂದಿಸಿ ಅದನ್ನು ಎತ್ತಿಕೊಡುತ್ತದೆ. ಸರಾಸರಿ ಹಾಕಿದರೆ ತಪ್ಪೇನು ಅಂತ ವಾದಿಸಬಹುದು. ಆದರೆ ಅತ್ತೆ ಮಾವನನ್ನು ಕರೆದುಕೊಂಡು ಹೋದ ದಿನ ಕೆಟ್ಟ ದೋಸೆ ಬಂದರೆ ಹೋದ ವಾರದ ಒಳ್ಳೆ ದೋಸೆ ನೆರವಿಗೆ ಬರುವುದಿಲ್ಲ. ಹೋಟೆಲಿನ ಕೈ ಎಷ್ಟು ಸ್ಥಿರ ಅನ್ನುವುದನ್ನು ಕಡಿಮೆ ಅಂಕ ಹೇಳುತ್ತದೆ.

ಹೊತ್ತು ಬರೆಯುವಾಗ

ಬಾಗಿಲು ತೆರೆದಿರುವ ಹೊತ್ತು ಬೇರೆ, ತಿಂಡಿ ಸಿಗುವ ಹೊತ್ತು ಬೇರೆ. ‘ಬೆಳಿಗ್ಗೆ 6ರಿಂದ ರಾತ್ರಿ 10’ ಎಂಬ ಬೋರ್ಡಿನ ಕೆಳಗೆ ಮಧ್ಯಾಹ್ನ 12ಕ್ಕೆ ದೋಸೆ ಕೇಳಿದರೆ ‘ಕಾವಲಿ ಆಫ್ ಆಗಿದೆ, ಮೂರು ಗಂಟೆಗೆ ಬನ್ನಿ’ ಅನ್ನುತ್ತಾರೆ. ಊಟದ ಹೊತ್ತಿಗೆ ದೋಸೆ ಭಟ್ಟರಿಗೆ ಬಿಡುವು, ಗ್ಯಾಸು ಅನ್ನಕ್ಕೆ.

ವಾರದ ರಜೆ ಇನ್ನೊಂದು ಬಲೆ. ಈ ಒಂದೇ ವೃತ್ತದೊಳಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ (1943) ಶುಕ್ರವಾರ ರಜೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ (1965) ಭಾನುವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ (1924) ಸೋಮವಾರ. ಭಾನುವಾರ ಮಾತ್ರ ಸುತ್ತುವ ತಂಡಕ್ಕೆ ಎರಡನೆಯದು ಎಂದೂ ತೆರೆದು ಕಾಣುವುದಿಲ್ಲ, ‘ಮುಚ್ಚಿದೆ’ ಅಂತ ಬರೆದುಬಿಡುತ್ತಾರೆ. ಬಾಗಿಲು ಹಾಕಿದ್ದು ಕಂಡರೆ ‘ಮುಚ್ಚಿತ್ತು, ಭಾನುವಾರ 8:10’ ಅಂತ ಬರೆಯಿರಿ. ವಾರದ ಇನ್ನೊಂದು ದಿನ ಬೇರೆ ಹೊತ್ತಿಗೆ ಮತ್ತೆ ನೋಡಿದ ಮೇಲೆಯೇ ಸಾಲು ಅಳಿಸಬೇಕು.

ಗ್ರಹಣದ ದಿನ, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, ವಿ.ವಿ. ಪುರದಲ್ಲಿ ಅವರೆಕಾಯಿ ಕಾಲ, ಈ ದಿನಗಳ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪರಿಷೆಯ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಯಾವ ಹೋಟೆಲಿನ ಚಟ್ನಿಯೂ ತನ್ನ ಚಟ್ನಿಯಾಗಿರುವುದಿಲ್ಲ, ನೀರು ಕೂಡಿರುತ್ತದೆ.

ಓಪನ್ ಸ್ಟ್ರೀಟ್ ಮ್ಯಾಪಿಗೆ ಹಾಕುವಾಗ ದಿನಗಳನ್ನು ಇಂಗ್ಲಿಷಿನ ಮೊದಲೆರಡು ಅಕ್ಷರಗಳಲ್ಲಿ, ಗಂಟೆಯನ್ನು 24ರ ಲೆಕ್ಕದಲ್ಲಿ ಬರೆಯಬೇಕು. ಮಧ್ಯಾಹ್ನದ ಬಿಡುವಿಗೆ ಅಲ್ಪವಿರಾಮ, ದಿನ ಬದಲಾದರೆ ಅರ್ಧವಿರಾಮ. ಕನ್ನಡದಲ್ಲಿ ಬರೆದರೆ ಆಪುಗಳಿಗೆ ಓದಲು ಬರುವುದಿಲ್ಲ.

ಎಷ್ಟು ವೆಜ್?

‘ವೆಜ್’ ಎಂಬ ಒಂದೇ ಕಾಲಂ ಸಾಲದು. ನಾಲ್ಕು ಬೇಕು.

ಮೊದಲನೆಯದು ಅಡುಗೆಮನೆ. ವೆಜ್ ಮಾತ್ರವೋ, ಎರಡೂ ಇದ್ದು ಕಾವಲಿ ಬಾಣಲಿ ಬೇರೆ ಬೇರೆಯೋ, ಎಲ್ಲ ಒಂದರಲ್ಲೋ. ಕೊನೆಯ ತರದ್ದು ಈ ನಕ್ಷೆಗೆ ಬೇಡ.

ಎರಡನೆಯದು ಮೊಟ್ಟೆ. ದರ್ಶಿನಿಯಲ್ಲಿ ಇದರ ಪ್ರಶ್ನೆ ಬರುವುದಿಲ್ಲ. ಕೇಕು, ಪೇಸ್ಟ್ರಿ, ಮೆಯೊನೀಸ್ ಇಡುವ ಹೊಸ ಕೆಫೆಗಳಲ್ಲಿ ಬರುತ್ತದೆ. ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಇದ್ದ ಮಾತ್ರಕ್ಕೆ ಮೊಟ್ಟೆ ಇಲ್ಲ ಅಂತ ಊಹಿಸಬೇಡಿ, ಪ್ರತಿ ಅಂಗಡಿಯಲ್ಲೂ ಕೇಳಿ. ಪ್ಯಾಕೆಟ್ಟಿನ ತಿನಿಸಾದರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ನೋಡಿದರೆ ಸಾಕು.

ಮೂರನೆಯದು ಈರುಳ್ಳಿ ಬೆಳ್ಳುಳ್ಳಿ. ಇದನ್ನು ಹೋಟೆಲಿಗೆ ಅಂತ ಕೇಳಿದರೆ ತಪ್ಪು ಉತ್ತರ ಬರುತ್ತದೆ, ತಿಂಡಿಗೆ ಅಂತಲೇ ಕೇಳಬೇಕು. ಕ್ಯಾಷಿನಲ್ಲಿ ‘ಈರುಳ್ಳಿ ಹಾಕಲ್ಲ ಅಲ್ವಾ ಸರ್?’ ಅಂದರೆ ತಲೆಯಾಡಿಸುತ್ತಾರೆ. ಕಾವಲಿ ಮುಂದೆ ನಿಂತು ‘ಭಟ್ರೇ, ಇವತ್ತಿನ ಸಾಂಬಾರಿಗೆ ಏನೇನು ಹಾಕಿದ್ದೀರಿ?’ ಅಂದರೆ ನಿಜ ಹೊರಡುತ್ತದೆ. ಸಾಂಬಾರಿನಲ್ಲಿ ಇಲ್ಲದ್ದು ಆಲೂಗೆಡ್ಡೆ ಪಲ್ಯದಲ್ಲಿ ಇರುತ್ತದೆ; ಪಲ್ಯದಲ್ಲೂ ಇಲ್ಲದ್ದು ಮಸಾಲೆ ದೋಸೆಯ ಒಳಗೆ ಸವರುವ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿಯಾಗಿ ಕೂತಿರುತ್ತದೆ. ಜೈನರಿಗೆ ಆಲೂಗೆಡ್ಡೆಯೇ ಆಗದು, ಆದ್ದರಿಂದ ಇದೇ ಕಾಲಂನಲ್ಲಿ ಅವರಿಗೆ ಬೇರೆ ಗುರುತು. ಖಾಲಿ ದೋಸೆ, ಇಡ್ಲಿ, ಚಟ್ನಿಯಷ್ಟೇ ಕೊಡುವ ಜಾಗಗಳು ಅಲ್ಲಿ ಗೆಲ್ಲುತ್ತವೆ. ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಇಡ್ಲಿ ವಡೆಗೆ ಚಟ್ನಿ ಮಾತ್ರ. ಕೇಳಬೇಕಾದ ಪ್ರಶ್ನೆ ಒಂದು ಕಡಿಮೆ.

ನಾಲ್ಕನೆಯದು ಹಾಲಿನ ಪದಾರ್ಥ. ಹಾಲು ತುಪ್ಪ ಬಿಟ್ಟವರು ಈಗ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಕೇಸರಿಬಾತಿನಲ್ಲಿ ತುಪ್ಪ ಇರುವುದು ಎಲ್ಲರಿಗೂ ಗೊತ್ತು; ಖಾರಾಬಾತಿನ ಮೇಲೂ ಒಂದು ಸೌಟು ಬೀಳುತ್ತದೆ. ರವೆ ಇಡ್ಲಿಗೆ ಮೊಸರು ಹಾಕಿ ಕಲಸುತ್ತಾರೆ. ಇನ್ನು ಗೋಧಿ ಆಗದವರಿಗೆ ಇಂಗು: ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಬೆರೆತಿರುತ್ತದೆ, ಅದು ಸಾಂಬಾರಿಗೂ ರಸಂಗೂ ಹೋಗುತ್ತದೆ. ಗೋಧಿಯಂಥವನ್ನು ಟಿಪ್ಪಣಿಯಲ್ಲಿ ಬರೆದರೆ ಸಾಕು, ಕಾಲಂ ಮಾಡುತ್ತ ಹೋದರೆ ಹಾಳೆ ಆಲದಮರವಾಗುತ್ತದೆ.

ಬಿಲ್ಲು ಓದುವುದು

ಹೆಚ್ಚಿನವರು ಮುದುರಿ ಎಸೆಯುವ ಈ ಚೀಟಿಯಲ್ಲಿ ನಾಲಗೆಗೆ ಸಿಗದ ಸಂಗತಿಗಳಿವೆ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆಯನ್ನು ಬಿಲ್ಲಿನಲ್ಲಿ ಮುದ್ರಿಸುವುದು 2022ರ ಜನವರಿ 1ರಿಂದ ಕಡ್ಡಾಯ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರಕ್ಕೆ ಕೊಡುವ ನೋಂದಣಿ. ಈ ಸಂಖ್ಯೆಯನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಅಂತ ತೋರಿಸುತ್ತದೆ. ಪರವಾನಗಿ ಜಾಗಕ್ಕೊಂದು, ಎರಡು ಶಾಖೆಯ ಬಿಲ್ಲಿನಲ್ಲಿ ಒಂದೇ ಸಂಖ್ಯೆ ಬಂದರೆ ಬಿಲ್ಲಿನ ಯಂತ್ರದಲ್ಲಿ ಹಳೇದನ್ನೇ ನಕಲು ಮಾಡಿದ್ದಾರೆ, ಇಲ್ಲವೇ ಎರಡನೆಯದಕ್ಕೆ ಪರವಾನಗಿಯೇ ಇಲ್ಲ. ಯಾವುದು ಅಂತ ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಹೇಳುತ್ತದೆ.

ಜಿಎಸ್‌ಟಿ ಸಂಖ್ಯೆ ಇನ್ನೂ ಉಪಯುಕ್ತ. ಅದು 15 ಅಕ್ಷರ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಮಾಲೀಕರ ಪ್ಯಾನ್. ಬೆಂಗಳೂರಿನಲ್ಲಿ ಎಸ್‌ಎಲ್‌ವಿ, ಅಂದರೆ ಶ್ರೀ ಲಕ್ಷ್ಮೀ ವೆಂಕಟೇಶ್ವರ, ಎಂಬ ಹೆಸರಿನ ಹೋಟೆಲುಗಳು ಬೀದಿಗೊಂದಿವೆ. ಒಂದರ ರುಚಿ ನೋಡಿ ಇನ್ನೊಂದಕ್ಕೆ ಅಂಕ ಹಾಕಿದರೆ ಮುಗಿಯಿತು. ಆ ಹತ್ತು ಅಕ್ಷರ ಒಂದೇ ಆಗಿದ್ದರೆ ಒಂದೇ ಮಾಲೀಕತ್ವ. ಬೇರೆಯಾಗಿದ್ದರೆ ಹೆಸರು ಮಾತ್ರ ಒಂದು, ಅಥವಾ ಫ್ರಾಂಚೈಸಿ. ಬೋರ್ಡು ಅದೇ ಇದ್ದು ಆರು ತಿಂಗಳ ಹಿಂದಿನ ಬಿಲ್ಲಿಗೂ ಇವತ್ತಿನದಕ್ಕೂ ಆ ಹತ್ತು ಅಕ್ಷರ ಬದಲಾಗಿದ್ದರೆ ಹೋಟೆಲು ಕೈ ಬದಲಾಯಿಸಿದೆ ಅಂತ ಹಿಡಿದು ಹಳೇ ಭೇಟಿಗಳನ್ನೆಲ್ಲ ಪಕ್ಕಕ್ಕಿಡಬೇಕು. ಗೂಗಲ್‌ನ ಸ್ಟಾರುಗಳಲ್ಲಿ ಹಳೇ ಮಾಲೀಕರ ಕೈರುಚಿ ಹಾಗೇ ಉಳಿದಿರುತ್ತದೆ.

ಸಣ್ಣ ವ್ಯಾಪಾರಕ್ಕೆ ಅಂತಿರುವ ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವ ಹೋಟೆಲು ಗಿರಾಕಿಯಿಂದ ತೆರಿಗೆ ಕೂಡಿಸಿ ತೆಗೆದುಕೊಳ್ಳುವಂತಿಲ್ಲ, ತಾನು ಆ ಯೋಜನೆಯಲ್ಲಿರುವುದನ್ನು ಬಿಲ್ಲಿನ ತಲೆಯಲ್ಲೇ ಬರೆಯಬೇಕು. ಬೆಲೆಯ ಕಾಲಂ ತುಂಬುವಾಗ ತೆರಿಗೆ ಸೇರಿಯೋ ಸೇರದೆಯೋ ಅಂತ ನೋಡಿಕೊಳ್ಳದಿದ್ದರೆ ಹೋಲಿಕೆ ಕೆಡುತ್ತದೆ. ಬೆಲೆಯ ಪಕ್ಕ ದಿನಾಂಕ ಇಲ್ಲದಿದ್ದರೆ ಆ ಬೆಲೆ ಬರೆಯುವುದೇ ಬೇಡ.

ನಾಲಗೆಯ ಕೆಲಸ

ಒಂದು ಸುತ್ತಿಗೆ ಇಬ್ಬರು, ಮೂರೇ ಹೋಟೆಲು. ಪ್ರತಿಯೊಂದರಲ್ಲಿ ಒಂದು ಪ್ಲೇಟ್ ಇಡ್ಲಿ ವಡೆ ಹಂಚಿಕೊಂಡು, ಒಂದು ಖಾಲಿ ಅಥವಾ ಮಸಾಲೆ, ಕೊನೆಗೆ ಬೈ ಟು ಕಾಫಿ. ಕಾಫಿ ಮೊದಲು ಕುಡಿದರೆ ಚಟ್ನಿಯ ರುಚಿ ಹತ್ತುವುದಿಲ್ಲ. ನಡುವೆ ಬಿಸಿನೀರು.

ಇಡ್ಲಿಯನ್ನು ಚಮಚದಲ್ಲಿ ಕತ್ತರಿಸಬೇಡಿ. ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಗುರುತು ತಾನೇ ಎದ್ದು ಬರಬೇಕು. ಮುರಿದಾಗ ಒಳಗಿನ ತರಿ ಬಿಡಿಬಿಡಿಯಾಗಿ ಕಾಣಬೇಕು. ಮುರಿದ ಕಡೆ ಹಳದಿ ಛಾಯೆ, ಬಾಯಲ್ಲಿ ಸಾಬೂನಿನಂಥ ರುಚಿ ಬಂದರೆ ಹಿಟ್ಟು ಹುದುಗುವ ಮೊದಲೇ ಸೋಡಾ ಸುರಿದಿದ್ದಾರೆ ಅಂತ. ಚಳಿಗಾಲದ ಬೆಳಗಿನಲ್ಲಿ ಇದು ಹೆಚ್ಚು: ರಾತ್ರಿ ಹಿಟ್ಟು ಏಳುವುದಿಲ್ಲ, ಬೆಳಿಗ್ಗೆ ಗಿರಾಕಿ ನಿಂತಿರುತ್ತಾರೆ. ಹಾಗಾಗಿ ಡಿಸೆಂಬರ್ ಜನವರಿಯ ಇಡ್ಲಿ ಅಂಕವನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಿ. ತಳದಲ್ಲಿ ನೀರು ಜಿನುಗುತ್ತಿದ್ದರೆ ಹಿಟ್ಟಿನ ತಪ್ಪಲ್ಲ, ಒಬ್ಬೆ ಇಳಿಸಿ ಮುಚ್ಚಿಟ್ಟು ಹೊತ್ತಾಗಿದೆ.

ಚಟ್ನಿಗೆ ನಾವು ಕೊಡುವ ತೂಕ ಎಲ್ಲಕ್ಕಿಂತ ಹೆಚ್ಚು. ಇಡ್ಲಿ ಹಿಟ್ಟು ಹೊರಗಿನಿಂದ ಕೊಂಡು ತರಬಹುದು, ಸಾಂಬಾರ್ ಕುದಿಸಿ ಕುದಿಸಿ ಹೊತ್ತು ತಳ್ಳಬಹುದು, ಕಾಯಿಚಟ್ನಿಯಲ್ಲಿ ಏನನ್ನೂ ಬಚ್ಚಿಡಲಾಗದು. ಕಾಯಿ ಕಡಿಮೆ ಮಾಡಿ ಹುರಿಗಡಲೆ ಏರಿಸಿದರೆ ಬೂದುಬಣ್ಣ ಬಂದು, ತಟ್ಟೆಯಲ್ಲಿ ಎರಡೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ರುಬ್ಬಿದ್ದು ಮಧ್ಯಾಹ್ನದೊಳಗೆ ಹುಳಿ ಹಿಡಿಯುತ್ತದೆ. ಒಳ್ಳೆ ಜಾಗದಲ್ಲಿ ಒಳಗಿನಿಂದ ರುಬ್ಬುವ ಸದ್ದು ಹತ್ತು ಗಂಟೆಗೂ ಕೇಳಿಸುತ್ತದೆ. ಎರಡನೇ ಸಲ ಕೇಳಿದಾಗ ಮೊದಲಿನಷ್ಟೇ ಧಾರಾಳವಾಗಿ ಹಾಕಿದರೆ ಅರ್ಧ ಅಂಕ ಜಾಸ್ತಿ ಕೊಡುವುದು ನಿಯಮದಲ್ಲಿಲ್ಲ, ಆದರೂ ಕೈ ತಡೆಯುವುದಿಲ್ಲ.

ವಡೆಯನ್ನು ಕಾಗದದ ಮೇಲೆ ಹತ್ತು ಸೆಕೆಂಡು ಒತ್ತಿಡಿ. ಎಣ್ಣೆಯ ಕಲೆ ವಡೆಯಷ್ಟೇ ಇದ್ದರೆ ಸರಿ, ಅಂಗೈಯಷ್ಟು ಹರಡಿದರೆ ಕಾಯದ ಎಣ್ಣೆಗೆ ಬಿಟ್ಟಿದ್ದಾರೆ. ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿದ್ದರೆ ಅತಿಯಾಗಿ ಕಾದಿದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೆ ನಿಯಮವೇ ಇದೆ: ಎಣ್ಣೆ ಕಾದು ಕೆಟ್ಟಂತೆ ಹೆಚ್ಚುವ ‘ಒಟ್ಟು ಧ್ರುವೀಯ ಸಂಯುಕ್ತಗಳು’ 25 ಶೇಕಡಾ ದಾಟಿದ ಎಣ್ಣೆಯನ್ನು 2018ರ ಜುಲೈನಿಂದ ಬಳಸುವಂತಿಲ್ಲ. ಅದನ್ನು ಅಳೆಯಲು ಉಪಕರಣ ಬೇಕು, ನಮಗೆ ಬಾಣಲಿ ಕಂಡರೆ ಸಾಕು. ಬೋಂಡಾ ಹಾಕುವ ಮೊದಲೇ ನೊರೆ ಎದ್ದಿದ್ದರೆ, ಹೊಗೆ ಕಣ್ಣಿಗೆ ಉರಿ ಬರಿಸಿದರೆ, ಬಾಣಲಿಯ ಅಂಚಿನಲ್ಲಿ ಅಂಟಿನ ಪಟ್ಟಿ ಕಂಡರೆ, ಕರಿದದ್ದರ ಸಾಲು ಖಾಲಿ ಬಿಡಿ.

ದೋಸೆಯಲ್ಲಿ ‘ಶೈಲಿ’ ಕಾಲಂ ಇಲ್ಲದೆ ಅಂಕ ಹಾಕಬಾರದು. ತೆಳ್ಳಗೆ ಕಾಗದದಂತೆ ಎಳೆದದ್ದು, ದಪ್ಪಗೆ ಹೊರಗೆ ಗರಿ ಒಳಗೆ ಮೆತ್ತಗಿನದು, ಬೆಣ್ಣೆ ಸುರಿದದ್ದು, ಕೆಂಪು ಚಟ್ನಿ ಸವರಿದ್ದು, ಸವರದೇ ಇದ್ದದ್ದು. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದು ‘ಗರಿಗರಿ ಇಲ್ಲ’ ಅಂತ ಬರೆದವರ ವಿಮರ್ಶೆ ಅಂತರ್ಜಾಲದ ತುಂಬ ಇದೆ. ಸಾಂಬಾರಿಗೆ ಬೆಲ್ಲ ಬಿದ್ದಿರುವುದೂ ತಪ್ಪಲ್ಲ, ಶೈಲಿ.

ಕಾಫಿಯಲ್ಲಿ ನೋಡಬೇಕಾದ್ದು ಒಂದೇ, ಡಿಕಾಕ್ಷನ್ ಮತ್ತೆ ಕಾಯಿಸಿದ್ದೋ ಅಂತ. ಸಂಜೆ 4ರ ಹೊತ್ತಿಗೆ ಬೆಳಗಿನದನ್ನೇ ಬಿಸಿ ಮಾಡಿ ಕೊಟ್ಟರೆ ನಾಲಗೆಯ ಹಿಂಬದಿಯಲ್ಲಿ ಸುಟ್ಟ ಕಹಿ ನಿಲ್ಲುತ್ತದೆ, ಸಕ್ಕರೆ ಎಷ್ಟು ಹಾಕಿದರೂ ಹೋಗುವುದಿಲ್ಲ.

ಕಂಪ್ಯೂಟರಿನಲ್ಲಿ ಕಾದಿದ್ದ ತೊಡಕು

ಕಾಲಿನ ಕೆಲಸಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಕನ್ನಡ ಅಕ್ಷರ. ಪಟ್ಟಿಯನ್ನು ಸಿಎಸ್‌ವಿ ಎಂಬ ಸಾದಾ ಪಠ್ಯ ಕಡತವಾಗಿ ಇಳಿಸಿ ಎಕ್ಸೆಲ್‌ನಲ್ಲಿ ಜೋಡಿ ಕ್ಲಿಕ್ ಮಾಡಿ ತೆರೆದರೆ ಹೆಸರೆಲ್ಲ ಗಿಜಿಬಿಜಿ. ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು ಅಕ್ಷರ ಸಂಕೇತ ಕ್ರಮವಾಗಿ 65001, ಅಂದರೆ ಯುಟಿಎಫ್-8, ಆರಿಸಬೇಕು. ಲಿಬ್ರೆ ಆಫೀಸ್ ತೆರೆಯುವಾಗಲೇ ಕೇಳುತ್ತದೆ. ಹೋಟೆಲಿನವರು ಕೊಟ್ಟ ಮೆನು ಕಡತ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಎರಡನೆಯದು ಸೂಕ್ಷ್ಮ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ಹೋಟೆಲ್’ ಸೂತ್ರಕ್ಕೆ ಬೇರೆ ಬೇರೆ. ‘ಹೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ‘ಲಾಲ್‌ಬಾಗ್’ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವೊಂದು ಕೂತಿರುತ್ತದೆ. ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಗೂ ಅಂಟಿಸುತ್ತವೆ. ಹುಡುಕು-ಬದಲಿಸು ಬಳಸಿ, ತಾಳೆ ನೋಡುವ ಕಾಲಂನಿಂದ ಮಾತ್ರ (ತೋರಿಸುವ ಕಾಲಂನಿಂದ ಅಲ್ಲ) ಆ ಕಾಣದ ಅಕ್ಷರ ತೆಗೆಯಿರಿ. ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಒಂದೇ ಸಂಕೇತವಾಗಿ ಕೂಡುವ ರೂಪಕ್ಕೆ, ಒಮ್ಮೆ ತಂದುಕೊಂಡರೆ ಮೊದಲ ಸಮಸ್ಯೆಯೂ ಹೋಗುತ್ತದೆ.

ಇಷ್ಟಾದರೂ ಶ್ರೀ, ಶ್ರಿ, ಸ್ರೀ ಎಂದು ಬರೆದ ನಕಲು ಸಾಲುಗಳು ಉಳಿಯುತ್ತವೆ. ಅವನ್ನು ಹೆಸರಿನಿಂದಲ್ಲ, ದೂರದಿಂದ ಹಿಡಿಯಬೇಕು. ಬೆಂಗಳೂರಿನ ಅಕ್ಷಾಂಶದಲ್ಲಿ 0.001 ಡಿಗ್ರಿ ಅಂದರೆ ಉತ್ತರ ದಕ್ಷಿಣಕ್ಕೆ ಸುಮಾರು 111 ಮೀಟರ್, ಪೂರ್ವ ಪಶ್ಚಿಮಕ್ಕೆ ಸುಮಾರು 108. ಎರಡು ಸಾಲಿನ ವ್ಯತ್ಯಾಸಗಳನ್ನು ಮೀಟರಿಗೆ ತಂದು, ವರ್ಗ ಮಾಡಿ ಕೂಡಿ, ವರ್ಗಮೂಲ ತೆಗೆದರೆ ದೂರ. 30 ಮೀಟರಿನೊಳಗೆ ಬಿದ್ದ ಜೋಡಿಗಳನ್ನೆಲ್ಲ ಕಣ್ಣಿನಲ್ಲಿ ನೋಡಿ. ತಂತಾನೇ ಅಳಿಸುವ ಸೂತ್ರ ಬೇಡ. ಗಾಂಧಿ ಬಜಾರಿನಂಥ ಕಡೆ 30 ಮೀಟರಿನೊಳಗೆ ಎರಡು ನಿಜವಾದ ಹೋಟೆಲು ಇರಬಹುದು; ಫೋನಿನ ಜಿಪಿಎಸ್ ಕಟ್ಟಡಗಳ ನಡುವೆ ಹತ್ತು ಮೀಟರಿಗೂ ಹೆಚ್ಚು ತಪ್ಪುತ್ತದೆ. ಗುರುತು ಹಾಕುವಾಗ ಒಳಗೆ ಕೂತು ಹಾಕಬೇಡಿ, ಬೋರ್ಡಿನ ಕೆಳಗೆ ಬಯಲಿನಲ್ಲಿ ಅರ್ಧ ನಿಮಿಷ ನಿಂತು ಹಾಕಿ.

ನಕ್ಷೆಗೆ ಏರಿಸುವುದು

ಇದು ಸುಲಭದ ಭಾಗ. ಗೂಗಲ್ ಮೈ ಮ್ಯಾಪ್ಸ್‌ಗೆ ಹತ್ತು ಪದರದ ಮಿತಿ, ಪದರಕ್ಕೆ 2000 ಗುರುತು. ನಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು. ಪದರಗಳನ್ನು ಹೋಟೆಲಿನ ತರದಿಂದಲ್ಲ, ಹೊತ್ತಿನಿಂದ ಮಾಡಿ: 6ರಿಂದ 9, 9ರಿಂದ 12, 12ರಿಂದ 3, 3ರಿಂದ 7, 7ರ ಮೇಲೆ. ಒಂದೇ ಹೋಟೆಲು ಮೂರು ಪದರದಲ್ಲಿ ಬೇರೆ ಬೇರೆ ತಿಂಡಿಯ ಹೆಸರಿನಲ್ಲಿ ಬರುತ್ತದೆ, ಬರಲಿ. ಗುರುತಿನ ಮೇಲೆ ಮೊದಲು ತಿಂಡಿ, ಆಮೇಲೆ ಹೋಟೆಲು: ‘ಖಾರಾಬಾತ್, 9:30ರವರೆಗೆ’. ಬಣ್ಣ ಮೂರೇ: 4ರ ಮೇಲೆ ಹಸಿರು, 3ರಿಂದ 4 ಹಳದಿ, ಇನ್ನೂ ಒಂದೇ ಭೇಟಿ ಆಗಿದ್ದರೆ ಬೂದು. 3ಕ್ಕಿಂತ ಕಡಿಮೆ ಬಂದದ್ದನ್ನು ನಕ್ಷೆಗೆ ಹಾಕುವುದಿಲ್ಲ. ಇನ್ನೊಬ್ಬರ ಅನ್ನದ ಅಂಗಡಿಗೆ ಕೆಂಪು ಮೊಳೆ ಹೊಡೆಯುವುದು ಈ ಕೆಲಸದ ಉದ್ದೇಶ ಅಲ್ಲ.

ನಕ್ಷೆಯನ್ನು ಕೆಎಂಎಲ್ ಎಂಬ ಕಡತವಾಗಿ ಇಳಿಸಿಕೊಂಡರೆ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ನೆಟ್ಟಿಲ್ಲದೆಯೂ ತೆರೆಯುತ್ತದೆ. ಜೊತೆಗೆ ಎ4 ಹಾಳೆಯಲ್ಲಿ ದಪ್ಪ ಅಕ್ಷರದ ಒಂದು ಪ್ರತಿ ಮುದ್ರಿಸಿ, ಕೂತು ತಿನ್ನುವ ಜಾಗಗಳಿಗೆ ಕುರ್ಚಿಯ ಗುರುತು ಹಾಕಿ. ಮಂಡಿನೋವಿನ ಹಿರಿಯರಿಗೆ ದರ್ಶಿನಿಯ ರುಚಿಗಿಂತ ಆ ಕುರ್ಚಿ ಮುಖ್ಯ.

90 ದಿನಕ್ಕೊಮ್ಮೆ

‘ಕೊನೆಗೆ ನೋಡಿದ ದಿನಾಂಕ’ 90 ದಿನ ದಾಟಿದ ಸಾಲು ತಾನೇ ಬೂದು ಬಣ್ಣಕ್ಕೆ ತಿರುಗುವಂತೆ ಷರತ್ತಿನ ಬಣ್ಣ (ಕಂಡಿಷನಲ್ ಫಾರ್ಮ್ಯಾಟಿಂಗ್) ಕೊಡಿ. ಪ್ರತಿ ಸಲ ಎಲ್ಲವನ್ನೂ ತಿನ್ನಬೇಕಿಲ್ಲ. ಒಂದು ಕಾಫಿ, ಒಂದು ಬಿಲ್ಲು, ಒಂದು ಕಣ್ಣೋಟ ಸಾಕು. ಬಿಲ್ಲಿನ ಆ ಹತ್ತು ಅಕ್ಷರ ಅದೇ ಇದೆಯೇ, ಮೆನು ಬೋರ್ಡಿನಲ್ಲಿ ಹೊಸದಾಗಿ ಗೋಬಿ ಮಂಚೂರಿ ಸೇರಿದೆಯೇ (ಸೇರಿದ್ದರೆ ವಡೆಯ ಬಾಣಲಿ ಅದೇ ಬಾಣಲಿಯೇ), ಕಾವಲಿ ಮುಂದೆ ಅದೇ ಭಟ್ಟರೇ. ಭಟ್ಟರು ಬದಲಾಗಿದ್ದರೆ ದೋಸೆಯ ಅಂಕ ಮಾತ್ರ ತೆಗೆದು ಬೂದು ಮಾಡಿ. ಚಟ್ನಿ ರುಬ್ಬುವವರು ಸಾಮಾನ್ಯವಾಗಿ ಬೇರೆಯವರು, ಅದು ಉಳಿಯುತ್ತದೆ. ಭಟ್ಟರು ಎಲ್ಲಿಗೆ ಹೋದರು ಅಂತ ಕ್ಯಾಷಿನಲ್ಲಿ ಕೇಳಬೇಡಿ, ಮುಖ ಸಿಂಡರಿಸುತ್ತಾರೆ. ಹೊರಗೆ ಬೀಡಾ ಅಂಗಡಿಯಲ್ಲಿ ಕೇಳಿ. ಹೇಳಿದ ವಿಳಾಸ ವೃತ್ತದೊಳಗಿದ್ದರೆ ‘ತಿಂಡಿ’ ಹಾಳೆಗೆ ಹೊಸ ಸಾಲು ಸೇರಿಸಿ, ಬೂದು ಬಣ್ಣ.